ನಾ ಜಾಮೀನು ನಿಂತ ದಾಡಿ ಬ್ರಶ್ಶು

ಈವತ್ತ ಮುಂಜಾನೆ ಬಚ್ಚಲಮನ್ಯಾಗ ನಿಂತು ದಾಡಿ ಬ್ರಶ್ಶು ಬಿಸಿನೀರಾಗ ಅದ್ದಿದೆ. ಅದ್ದಿದ ಕೂಡ್ಲೆ ಆ ವಾಸನಿ ಎದ್ದಿತು. ಮಳ್ಯಾಗ ತೋಯಿಸಿಕೊಂಡ ಆಡು ನಿಮ್ಮ ಬಾಜೂಕ ನಿಂತು ಮೈ ಝಾಡಿಸಿದ್ರ ಹೆಂಗಿರತೈತಿ, ಹಂಗ. ಅಡಗಿಮನಿಯಿಂದ ನಮ್ಮ ಮನಿಯಾಕಿ ದನಿ ಬಂತು: "ಏನ್ರೀ, ಯಾರದರ ಆಡು ಒಳಗ ಬಂತೇನು?"

"ಆಡಲ್ಲ, ಬ್ಯಾಜರ್," ಅಂದೆ.

"ಯಾವುದರ ಇರ್ಲಿ, ಹೊರಗ ಹಾಕ್ರಿ."

ಬ್ಯಾಜರ್ ಅಂದ್ರ ನಮ್ಮ ತರಕರಡಿಯ ದೂರದ ದಾಯಾದಿ, ಪರದೇಶದ ಪ್ರಾಣಿ. ನಾನಂತೂ ಕಣ್ಣಿಲೆ ಕಂಡಿಲ್ಲ. ಅದರ ಕೂದಲಿನ ಬ್ರಶ್ಶು ಹೊಸಾದಿದ್ದಾಗ ನಾಕೈದು ಸಲ ಹಿಂಗ ನಾರತೈತಿ, ಆಮ್ಯಾಲ ಬಿಡತೈತಿ. ಇದನ್ನ ತಂದು ನಾಕು ತಿಂಗಳಾಗಿತ್ತು, ಡಬ್ಬಿ ಬಿಚ್ಚಿರಲಿಲ್ಲ. ಈವತ್ತ ಯಾಕೋ ಬಿಚ್ಚಿದೆ. ಎಡಗಡೆ ಗಲ್ಲ ಮುಗಿಸಿ ಬಲಗಡೆಗೆ ಬರೂದಕ್ಕ, ಕಿಡಕ್ಯಾಗ ಇಟ್ಟಿದ್ದ ಫೋನು ಬಡಕೊಳ್ಳಾಕ ಹತ್ತಿತು. ನೋಡಿದೆ: ಖಾದರಭಾಯ್, ಸವಣೂರ. ಕೈಯಾಗಿನ ರೇಜರ್ ಅಲ್ಲೇ ನಿಂತಿತು. ಫೋನು ಬಡಕೊಂಡು ಬಡಕೊಂಡು ತಾನ ಸುಮ್ಮನಾತು. ನಾ ಎತ್ತಲಿಲ್ಲ. ಖರೇ ಹೇಳ್ತೇನಿ, ಅಂಜಿಕಿ ಬಂತು. ಅರವತ್ತು ದಾಟಿದ ಗಂಡಸು ಒಂದು ಫೋನಿಗೆ ಯಾಕ ಅಂಜಬೇಕು ಅಂತೀರಿ? ಕೇಳ್ರಿ, ಹೇಳ್ತೇನಿ.

ನಾ ಸವಣೂರಿನ ಸಾಲ್ಯಾಗ ಡ್ರಾಯಿಂಗ್ ಮಾಸ್ತರಾಗಿದ್ದೆ. ರಿಟೈರಾದ ಮ್ಯಾಲ ಶಿಗ್ಗಾಂವಿಗೆ ಬಂದು ಮನಿ ಮಾಡಿದ್ವಿ. ಊರು ಬಿಟ್ಟೆ ಖರೆ, ಖಾದರಭಾಯ್ ಕುರ್ಚಿ ಬಿಡಲಿಲ್ಲ. ಪ್ರತಿ ಐತವಾರ ಬಸ್ಸು ಹತ್ತಿ ದಾಡಿ ಮಾಡಿಸಾಕ ಸವಣೂರಿಗೇ ಹೋಗ್ತಿದ್ದೆ. "ಶಿಗ್ಗಾಂವ್ಯಾಗ ಕಟಿಂಗ್ ಅಂಗಡಿ ಇಲ್ಲೇನ್ರಿ? ಗಡ್ಡಕ್ಕೂ ಬಸ್ ಚಾರ್ಜ್ ಕೊಡೂ ಮನಷ್ಯಾನ್ನ ನಾ ನಿಮ್ಮನ್ನ ಒಬ್ಬರನ್ನ ನೋಡಿದೆ," ಅಂತ ಮನಿಯಾಕಿ ಅಂತಿದ್ಲು. ಬರುವಾಗ ಬಾಯಾಡಿಸಾಕ ಸವಣೂರ ಖಾರಾ ಕಟ್ಟಿಸಿಕೊಂಡು ಬರ್ತಿದ್ದೆ. ಆ ಪೊಟ್ಟಣ ಬಿಚ್ಚಿದ್ದಾ, ಆಕಿ ಬಾಯಿ ಮುಚ್ಚಿದ್ದಾ.

ಖಾದರಭಾಯ್ ಅಂಗಡಿ ನೀವು ನೋಡಿದ್ರ ನಗ್ತೀರಿ. ಒಂದ ಕುರ್ಚಿ, ಒಂದ ಬಾಕು, ಮೂಲಿ ಒಡದ ಕನ್ನಡಿ. ಪಕ್ಕದಾಗ ಎಲಿ ಪೆಂಡಿ ಕಟ್ಟೋರು ಕುಂತಿರ್ತಾರ, ಹಸಿ ವೀಳ್ಯದೆಲಿ ವಾಸನಿ ಒಳಗ ಬರತಿರತೈತಿ. ಅವರು ಮಾತು ಕಮ್ಮಿ, ಕೈ ಹಗರ. ಉಸ್ತರಾ ಗಂಟಲ ಮ್ಯಾಲ ಹೋತೋ ಇಲ್ಲೋ ಗೊತ್ತಾಗೂದಿಲ್ಲ. ನನಗಂತೂ ಆ ಕುರ್ಚ್ಯಾಗ ಕುಂತು ಕಣ್ಣು ಮುಚ್ಚಿದ್ರ, ವಾರದ ಜಂಜಾಟೆಲ್ಲಾ ಇಳದು ಹೋಗ್ತಿತ್ತು.

ಈಗ ನನ್ನ ಹುಚ್ಚಿನ ಸುದ್ದಿ. ರಿಟೈರಾದ ಮ್ಯಾಲ ಕೆಲವರು ದೇವರ ಕಡೆ ಹೊಳ್ತಾರ, ಕೆಲವರು ಹೊಲದ ಕಡೆ. ನಾ ದಾಡಿ ಬ್ರಶ್ಶಿನ ಕಡೆ ಹೊಳ್ಳಿದೆ. ಫೋನಿನ್ಯಾಗ ಯಾರೋ ಒಬ್ಬಾವ ಬ್ಯಾಜರ್ ಬ್ರಶ್ಶಿನ ಗುಣಗಾನ ಮಾಡೂದು ನೋಡಿದ್ದ ನೆವ. ಬ್ಯಾಜರಿನ್ಯಾಗೂ ಮೂರು ತರ: ಪ್ಯೂರ್ ಅಂದ್ರ ಕಪ್ಪಗ, ಜರಾ ಒರಟು. ಬೆಸ್ಟ್ ಅಂದ್ರ ನಡುವಿಂದು. ಸಿಲ್ವರ್ ಟಿಪ್ ಅಂದ್ರ ತುದಿ ಬೆಳ್ಳಗ, ಬೆಣ್ಣಿಯಂಗ ಮೆತ್ತಗ. ಒಣಗಿದಾಗ ಅಂಗೈ ಮ್ಯಾಲ ಒತ್ತಿ ನೋಡ್ಬೇಕು, ಬೆನ್ನು, ಅಂದ್ರ ಕೂದಲಿನ ಬಿಗಿ, ಎಷ್ಟೈತಿ ಅಂತ. ತೋಯಿಸಿದಾಗ ಗಲ್ಲಕ್ಕ ತಿರುವಿ ನೋಡ್ಬೇಕು, ನೀರು ಎಷ್ಟು ಹಿಡೀತೈತಿ ಅಂತ. ಹಿಂಗ ನೋಡಿ ನೋಡಿ ಎರಡು ಬ್ರಶ್ಶು ಮನಿಗೆ ತಂದೆ. ಮಂದಿ ಮುಂದ ಅವನ್ನ ಹೊಗಳಿ ಹೊಗಳಿ ನಾನ ಆ ಪ್ರಾಣಿನ ಸಾಕೇನೇನೋ ಅನ್ನುವಂಗ ಆಗಿದ್ದೆ.

ಆ ಭರದಾಗ ಖಾದರಭಾಯ್‌ಗೊಂದು ಕೊಡ್ಬೇಕು ಅನಸ್ತು. ಪಾಪ, ಅವರ ಹತ್ರ ಇದ್ದದ್ದು ತುದಿ ಸೊಟ್ಟಾದ ನೈಲಾನ್ ಬ್ರಶ್ಶು. ಹುಬ್ಬಳ್ಳ್ಯಾಗ ಒಂದು ಅಂಗಡಿಗೆ ಹೋದೆ. ಅಂಗಡ್ಯಾವ ಮೂರು ಬ್ರಶ್ಶು ಮುಂದಿಟ್ಟ, ಮೂರೂ ಬ್ಯಾಜರ್ ಅಂದ. ಒಂದು ಮೆತ್ತಂದು, ಒಂದು ನಡುವಿಂದು, ಒಂದು ಗಟ್ಟಿ. ನಾ ಸುಮ್ನ ಒಂದನ್ನ ಆರಿಸಿಕೊಂಡು ಬರೂದು ಬಿಟ್ಟು, ಅವಗ ಅರ್ಧಾ ತಾಸು ಪಾಠ ಮಾಡಿದೆ. "ಮನ್ಯಾಗ ಮಾಡಿಕೊಳ್ಳಾವಗ ಮೆತ್ತಂದು ಸರಿ. ಕಸಬಿನ ಮನಷ್ಯಾಗ ಬೆನ್ನು ಗಟ್ಟಿ ಇರಬೇಕಪ," ಅಂತ ಹೇಳಿ ಗಟ್ಟೀದನ್ನ ಆರಿಸಿದೆ. ಅವ ತಲಿ ಹಾಕಿ ಹಾಕಿ ಕೇಳಿದ. ಈಗ ನೆನಸಿಕೊಂಡ್ರ ಮೈ ಉರೀತೈತಿ.

ಖಾದರಭಾಯ್ ಬ್ರಶ್ಶು ತಿರುಗಿಸಿ ಮುರುಗಿಸಿ ನೋಡಿದ್ರು. ಮಾರಿ ಅರಳಿತ್ತು. ಆದ್ರೂ ಕೇಳಿದ್ರು: "ಮಾಸ್ತರ್ರ, ಒಂದ ಮಾತ ಕೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ. ಇದು ಹಂದಿ ಕೂದಲ ಅಲ್ಲ ಹೌದಿಲ್ಲೋ? ನಮ್ಮ ಮಂದಿ ಈ ಕುರ್ಚಿಯಿಂದ ಎದ್ದು ನೆಟ್ಟಗ ನಮಾಜಿಗೆ ಹೋಗ್ತಾರ."

ನಾ ಎದಿ ಉಬ್ಬಿಸಿದೆ. "ಹುಟ್ಟಾ ಕೂದಲಿನ ಬ್ರಶ್ಶು ಹಿಡದಾವ ನಾ. ಎಣ್ಣಿ ಬಣ್ಣಕ್ಕ ನಾ ಬಳಸೂದ ಹಂದಿ ಕೂದಲಿನ ಬ್ರಶ್ಶು. ಅದು ನನಗ ಗೊತ್ತಾಗೂದಿಲ್ಲೇನು? ಇದಕ್ಕ ನಾ ಜಾಮೀನು."

"ನೀವು ಅಂದ್ರ ಮುಗೀತು," ಅಂದವರ ನೈಲಾನ್ ಬ್ರಶ್ಶು ತಗದು ಬುಟ್ಟಿಗೆ ಒಗದ್ರು.

ಮುಂದ ಒಂದು ವರ್ಷ ನನ್ನ ರಾಜ್ಯಭಾರ. ಬಾಕಿನ ಮ್ಯಾಲ ಕುಂತವರಿಗೆಲ್ಲಾ ಖಾದರಭಾಯ್ "ಇದು ಮಾಸ್ತರ್ರ ಬ್ರಶ್" ಅಂತ ತೋರಸ್ತಿದ್ರು. ಎಲಿ ತೋಟದ ಹಾಜಿ ಸಾಹೇಬ್ರು ಗಡ್ಡದ ಅಂಚು ತಿದ್ದಿಸಾಕ ಬಂದ್ರಂದ್ರ, ಗಲ್ಲಕ್ಕ ಅದರಿಂದನ ನೊರಿ ಹಚ್ಚಬೇಕು. ನಾ ಕುಂತಲ್ಲೇ ಉಬ್ಬುತಿದ್ದೆ.

ವರ್ಷದ ಮ್ಯಾಲ ಬ್ರಶ್ಶಿನ ಹಿಡಿಕಿ ಅಳ್ಳಾಡಾಕ ಹತ್ತಿತು. "ನೀವು ಕಲಾವಿದ್ರು, ಜರಾ ಅಂಟು ಹಾಕಿ ಕೊಡ್ರಿ," ಅಂತ ಖಾದರಭಾಯ್ ಕೊಟ್ರು. ಮನಿಗೆ ತಂದು, ಮೇಜಿನ ಮ್ಯಾಲ ಬಿಳಿ ಅರಬಿ ಹಾಸಿ ಇಟ್ಟೆ. ಹಿಡಿಕಿ ಬಿಟ್ಟು ನನ್ನ ಕಣ್ಣು ಕೂದಲ ಮ್ಯಾಲ ಹೋತು. ಬ್ಯಾಜರ್ ಕೂದಲಿಗೆ ನಡುವ ಕಪ್ಪು ಪಟ್ಟಿ ಇರತೈತಿ, ಅದು ಹುಟ್ಟಿನಿಂದ ಬಂದದ್ದು, ಎಷ್ಟು ತೊಳದ್ರೂ ಹೋಗೂದಿಲ್ಲ. ಇದರ ಪಟ್ಟಿ ಮಾಸಿ ಕಂದಾಗಿತ್ತು. ನನ್ನ ಬ್ರಶ್ಶು ತಂದು ಬಾಜೂಕ ಇಟ್ಟೆ. ಅದರ ಪಟ್ಟಿ ಕಪ್ಪಗೇ ಇತ್ತು. ಖಾದರಭಾಯ್ ಬ್ರಶ್ಶನ್ನ ಸೋಪಿನ ನೀರಾಗ ಅದ್ದಿ ಅರಬಿ ಮ್ಯಾಲ ಜೋರಾಗಿ ತಿಕ್ಕಿದೆ. ಕಂದು ಗೀರು ಮೂಡಿತು. ಯಾರೋ ಬಣ್ಣ ಹೊಡದಿದ್ರು.

ಭೂತಗನ್ನಡಿ ಹಿಡಕೊಂಡು ತುದಿ ನೋಡಿದೆ. ಒಂದೊಂದು ಕೂದಲೂ ತುದ್ಯಾಗ ಎರಡು, ಮೂರು ಸೀಳಾಗಿತ್ತು. ಆ ಸೀಳು ತುದಿ ನನಗ ಹೊಸಾದಲ್ಲ. ಅಟ್ಟದ ಮ್ಯಾಲಿಂದ ನನ್ನ ಎಣ್ಣಿ ಬಣ್ಣದ ಬ್ರಶ್ಶಿನ ಡಬ್ಬಿ ಇಳಿಸಿ, ಒಂದು ತಗದು ಬಾಜೂಕ ಇಟ್ಟೆ. ಅದ. ಅದ ಬಿರಸು, ಅದ ಸೀಳು. ಜಲ್ಮದುದ್ದಕ್ಕ ಕೈಯಾಗ ಹಿಡದ ಕೂದಲನ್ನ ಗುರುತು ಹಿಡೀಲಿಲ್ಲಲ್ಲೋ ಮಾಸ್ತರ! ಬೆನ್ನು ಗಟ್ಟಿ ಐತಿ ಅಂತ ಆರಿಸಿದ್ದು ಹಂದಿ ಬೆನ್ನು.

ಮುಂದ ಮಾಡಿದ ಕೆಲಸ ಹೇಳಾಕ ನಾಚಿಕಿ ಬರತೈತಿ. ಅಂಟು ಹಾಕಿದೆ. ಐತವಾರ ಚೀಲದಾಗ ಇಟ್ಕೊಂಡು, ಹೇಳೇ ಬಿಡ್ತೇನಿ ಅಂತ ಬಸ್ಸು ಹತ್ತಿದೆ. ಅಂಗಡಿ ತುಂಬ ಮಂದಿ. "ಬಂತೇನ್ರಿ ನನ್ನ ಬ್ರಶ್?" ಅಂತ ಖಾದರಭಾಯ್ ತಾವ ಚೀಲದಾಗ ಕೈ ಹಾಕಿ ತಗೊಂಡ್ರು. ಕುರ್ಚ್ಯಾಗ ಹಾಜಿ ಸಾಹೇಬ್ರು ಕುಂತಿದ್ರು. ಬ್ರಶ್ಶು ನೀರಾಗ ಅದ್ದಿ, ಸೋಪಿನ ಮ್ಯಾಲ ತಿರುವಿ, ಅವರ ಗಲ್ಲದ ಕಡೆ ಒಯ್ದ್ರು. ನಾ ಬಾಯಿ ತಗದೆ. "ಈವತ್ತ ಸೆಕಿ ಭಾಳ ಐತಿ," ಅಂದೆ. ಅಷ್ಟ ಬಂತು ನೋಡ್ರಿ ಬಾಯಿಗೆ. ನೊರಿ ಹಾಜಿ ಸಾಹೇಬ್ರ ಗಲ್ಲದ ಮ್ಯಾಲ ಗಿರಿಗಿರಿ ತಿರುಗಾಕ ಹತ್ತಿತ್ತು.

ಮುಂದಿನ ಐತವಾರನೂ ಹೇಳಲಿಲ್ಲ. ನಡುವ ಹುಬ್ಬಳ್ಳಿಗೆ ಹೋಗಿ ಬ್ಯಾರೆ ಅಂಗಡ್ಯಾಗ ಒಂದು ಖರೇ ಬ್ಯಾಜರ್ ತಂದೆ, ಹೇಳದ ಸದ್ದಿಲ್ದ ಬದಲಿ ಮಾಡಿ ಬಿಡೂಣು ಅಂತ. ಆ ಹಲ್ಕಾ ವಿಚಾರನೂ ಬಂದಿತ್ತು, ಮುಚ್ಚಿಡೂದಿಲ್ಲ. ಊಟ ಸೇರಲಿಲ್ಲ. ಮನಿಯಾಕಿ ಕೇಳಿದ್ಲು, ಹೇಳಿದೆ. ಆಕಿ ತಾಟು ಎತ್ತಿಕೊಂತ ಒಂದ ಮಾತು ಅಂದ್ಲು: "ಅವರ ಮುಂದ ಬಾಯಿ ಬಿಡಾಕ ನಿಮಗ ಎಷ್ಟು ದಿನ ಬೇಕೋ, ಅಷ್ಟು ದಿನ ಅವರು ಅದನ್ನ ಮಂದಿ ಮಾರಿಗೆ ಹಚ್ಚತಾರ."

ಮೂರನೇ ಐತವಾರ ಅಂಗಡ್ಯಾಗ ನಾವಿಬ್ರ. ನನ್ನ ಮಾರಿಗೆ ನೊರಿ ಹಚ್ಚಿ, ಗದ್ದ ಎತ್ತಿ, ಉಸ್ತರಾ ಗಂಟಲ ಮ್ಯಾಲ ಇಟ್ರು. ಆವಾಗ ಹೇಳಿದೆ. "ಖಾದರಭಾಯ್, ಆ ಬ್ರಶ್ಶು ಹಂದಿ ಕೂದಲಿಂದು."

ಉಸ್ತರಾ ಇದ್ದಲ್ಲೇ ನಿಂತಿತು. ಕನ್ನಡ್ಯಾಗ ಅವರ ಕಣ್ಣು ಕಂಡ್ವು. ನಾ ಉಗುಳು ಸೈತ ನುಂಗಲಿಲ್ಲ.

"ಯಾವಾಗ ಗೊತ್ತಾತು?"

"ಅಂಟು ಹಾಕುವಾಗ."

"ಅಂದ್ರ ಎರಡ ವಾರ."

"ಹೌದು."

ದಾಡಿ ಪೂರಾ ಮಾಡಿದ್ರು. ಒಂದು ಗೀರೂ ಬೀಳಲಿಲ್ಲ. ಬೈದಿದ್ರ ಛಲೋ ಇತ್ತು. ಮುಗಿಸಿ, ಬ್ರಶ್ಶನ್ನ ಪೇಪರಿನ್ಯಾಗ ಸುತ್ತಿ ನನ್ನ ಕೈಯಾಗ ಕೊಟ್ಟು, ನಳದ ಕೆಳಗ ಕೈ ತೊಳಕೊಂಡ್ರು, ತೊಳಕೊಂಡ್ರು, ಮತ್ತ ತೊಳಕೊಂಡ್ರು. "ಗೊತ್ತಿಲ್ದ ಮಾಡಿದ್ದು ಒಂದು ವರ್ಷ, ಅದಕ್ಕ ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ ಮಾಸ್ತರ್ರ. ಗೊತ್ತಿದ್ದು ಸುಮ್ನ ಕುಂತ್ರಲ್ಲಾ ಎರಡ ವಾರ, ಅದನ್ನ ನಾ ಮಂದಿಗೆ ಹೆಂಗ ಹೇಳ್ಲಿ? ಶುಕ್ರವಾರ ಮುಂಜಾನೆ ಬರ್ರಿ. ನೀವ ಹೇಳ್ರಿ."

ಶುಕ್ರವಾರ ನಮಾಜಿಗಿಂತ ಮೊದಲ ಅಲ್ಲಿ ಭಾಳ ಗದ್ದಲ. ಬಾಗಲದ ಬಾಜೂಕ ನನ್ನ ಕುಂಡ್ರಿಸಿದ್ರು. ಬಂದವರಿಗೆ ಒಬ್ಬೊಬ್ಬರಿಗೂ ನಾ ಎದ್ದು ನಿಂತು ಹೇಳ್ಬೇಕು: ಬ್ರಶ್ಶು ತಂದಾವ ನಾ, ಜಾಮೀನು ನಿಂತಾವ ನಾ, ಗೊತ್ತಾದ ಮ್ಯಾಲೂ ಎರಡು ವಾರ ಹೇಳದ ಕುಂತಾವ ನಾ, ಖಾದರಭಾಯ್‌ದು ಏನೂ ತಪ್ಪಿಲ್ಲ. ಸಾಲ್ಯಾಗ ಹುಡುಗರನ್ನ ಬಾಕಿನ ಮ್ಯಾಲ ನಿಲ್ಲಿಸ್ತಿದ್ದೆ. ಅದರ ರುಚಿ ಅವತ್ತ ಗೊತ್ತಾತು. ಟೇಲರ್ ರಫೀಕ್ ಅನ್ನಾವ ಪೂರಾ ಕೇಳಲೇ ಇಲ್ಲ. ನನ್ನ ಕಡೆ ಅಲ್ಲ, ಖಾದರಭಾಯ್ ಕಡೆ ಕೆಕ್ಕರಿಸಿ ನೋಡಿ ಹೊರಗ ನಡದ. ಅವ ಮತ್ತ ಆ ಅಂಗಡಿ ಹತ್ತಿಲ್ಲ ಅಂತ ಕೇಳೇನಿ. ಹಾಜಿ ಸಾಹೇಬ್ರು ಕೇಳಿದ್ರು, ಗಲ್ಲ ಮುಟ್ಟಿಕೊಂಡ್ರು, ಎದ್ದು ಹೋಗಿ ನಳದಾಗ ಮಾರಿ ತೊಳಕೊಂಡು ಬಂದ್ರು. "ತಿಳೀದ ಆದದ್ದಕ್ಕ ಗುನ್ಹಾ ಇಲ್ಲ. ಖಾದರ, ನೊರಿ ಕೈಲೆ ಹಚ್ಚು," ಅಂದ್ರು. ನನ್ನ ಜೋಡಿ ಮಾತಾಡಲಿಲ್ಲ.

ಮಂದಿ ಹೋದ ಮ್ಯಾಲ ನಾ ಹೊಸಾ ಬ್ರಶ್ಶಿನ ಡಬ್ಬಿ ತಗದು ಮುಂದಿಟ್ಟೆ. "ಇದು ಖರೇ ಬ್ಯಾಜರ್, ಖಾದರಭಾಯ್."

"ಇದಕ್ಕ ಯಾರು ಜಾಮೀನು?"

ಅವರು ಡಬ್ಬಿ ನನ್ನ ಕಡೆ ಸರಿಸಿದ್ರು. "ನೀವ ಇಟ್ಕೊಳ್ರಿ. ಕುರ್ಚಿ ಖಾಲಿ ಆದಾಗ ನಾನ ಫೋನ್ ಮಾಡ್ತೇನಿ." ಕುರ್ಚಿ ಆವಾಗ ಖಾಲಿನ ಇತ್ತು.

ನಾಕು ತಿಂಗಳು ಆ ಫೋನು ಬರಲಿಲ್ಲ. ಗದ್ದದ ಮ್ಯಾಲ ಗೀರು ಮಾಡಿಕೊಂತ ಮನ್ಯಾಗ ದಾಡಿ ಮಾಡಿಕೊಂಡೆ. ಮನ್ಯಾಗ ಖಾರಾ ಬರೂದು ನಿಂತಿತು, ಮನಿಯಾಕಿ ಯಾಕ ಅಂತ ಒಂದ ದಿನ ಕೇಳಲಿಲ್ಲ.

ಈವತ್ತ ಬಂತು, ನಾ ಎತ್ತಲಿಲ್ಲ. ಏನು ಹೇಳ್ತಾರೋ, ಇನ್ನು ಬರೂದ ಬ್ಯಾಡ ಅಂತಾರೋ ಅಂತ ಅಂಜಿದ್ದೆ. ಮನಿಯಾಕಿ ಬಂದು ಫೋನಿನ್ಯಾಗ ಹೆಸರು ನೋಡಿದ್ಲು, ನನ್ನ ಮಾರಿ ನೋಡಿದ್ಲು, ತಾನ ತಿರುಗಿ ಫೋನ್ ಹಚ್ಚಿ ನನ್ನ ಕಿವಿಗೆ ಹಿಡದ್ಲು.

"ಮಾಸ್ತರ್ರ, ಆರಾಮ ಅದೀರಿ? ಕಟಿಂಗ್ ಸಾಮಾನು ಮಾರಾವ ಒಬ್ಬ ಒಂದ ಬ್ರಶ್ ಕೊಟ್ಟ ಹೋಗ್ಯಾನ. ಬ್ಯಾಜರ್ ಅಂತಾನ. ಬಂದು ನೋಡ್ತೀರೇನು?"

ನೊರಿ ಒರಸಿಕೊಂಡು, ಹೆಗಲ ಮ್ಯಾಲಿನ ಟವೆಲ್ಲನ್ನ ಬಲಗಡೆ ಗಲ್ಲಕ್ಕ ಮುಚ್ಚಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ "ಹಲ್ಲು ನೋವೇನ್ರಿ?" ಅಂದ. ಹೂಂ ಅಂದೆ.

ಅಂಗಡ್ಯಾಗ ಹಾಜಿ ಸಾಹೇಬ್ರು ಬಾಕಿನ ಮ್ಯಾಲ ಇದ್ರು. ನಮಸ್ಕಾರ ಮಾಡಿದೆ, ತಲಿ ಹಾಕಿದ್ರು. ಖಾದರಭಾಯ್ ಡಬ್ಬಿ ಕೊಟ್ರು. ಬಾಗಲಕ್ಕ ಬಂದು ಬಿಸಲಿಗೆ ಹಿಡದೆ. ಅಂಗೈ ಮ್ಯಾಲ ಒತ್ತಿದೆ. ಪಟ್ಟಿ ಕಪ್ಪಗ ಇತ್ತು, ತುದಿ ಬೆಳ್ಳಗ ಇತ್ತು, ಒಂದೂ ಸೀಳು ಕಾಣಲಿಲ್ಲ. ತೋಯಿಸಿ ಟವೆಲ್ಲಿನ ತುದಿಗೆ ತಿಕ್ಕಿದೆ, ಬಣ್ಣ ಬಿಡಲಿಲ್ಲ. ಎಲ್ಲಾ ಗುರುತು ಸರಿ ಇದ್ವು. ಇಬ್ಬರೂ ನನ್ನ ಮಾರೀನ ನೋಡಾಕತ್ತಿದ್ರು. ಮಾತು ನಾಲಿಗಿ ತುದಿಗೆ ಬಂದು ನಿಂತಿತ್ತು. ಹೌದು ಅಂದ್ರ ಮತ್ತ ನಾ ಎಲ್ಲಾ ಬಲ್ಲ ಮಾಸ್ತರ ಆಗ್ತಿದ್ದೆ.

"ನೋಡಾಕ ಬ್ಯಾಜರ್ ಕಂಡಂಗ ಕಾಣತೈತಿ," ಅಂದೆ. "ಆದ್ರ ಖಾತ್ರಿ ಹೇಳಾಕ ಆಗೂದಿಲ್ಲ. ನನಗ ಗೊತ್ತಿಲ್ಲ, ಖಾದರಭಾಯ್."

ಅವರು ಬ್ರಶ್ಶು ಇಸಗೊಂಡು ಡಬ್ಬಿಗೆ ಹಾಕಿ, ತಿರುಗಿ ಕೊಟ್ಟು ಕಳಸಾಕ ಕಟ್ಟಿಮ್ಯಾಲ ಇಟ್ರು. ಹೊಸಾದಾಗಿ ತಂದಿದ್ದ ನೈಲಾನ್ ಬ್ರಶ್ಶು ನೀರಾಗ ಅದ್ದಿದ್ರು. ಕುರ್ಚಿ ಮ್ಯಾಲಿನ ಕೂದಲು ಅರಬೀಲೆ ಝಾಡಿಸಿದ್ರು. ಆಮ್ಯಾಲ ನನ್ನ ಗಲ್ಲದ ಮ್ಯಾಲಿನ ಟವೆಲ್ಲು ಸರಿಸಿ ನೋಡಿದ್ರು.

"ಈ ಎಡಗಡೆ ಯಾರು ಮಾಡ್ಯಾರ್ರಿ? ಪೂರಾ ಹೊಲಸ ಮಾಡ್ಯಾರ. ಕುಂಡ್ರಿ."

ನಾ ಕುಂತೆ.