ಎಡಗಾಲಿನ ಸಾಕ್ಷಿ

ರೋಗಿಗಳೊಡನೆ ಕಳೆದ ಸಮಯ ಎಷ್ಟು ಎಂಬ ಪ್ರಶ್ನೆಗೆ ಗ್ರಿಸೆಲ್ಡಾ ಟ್ರೆವಿನ್ಯೊ ಇಪ್ಪತ್ತೆರಡು ಗಂಟೆ ಎಂದು ಬರೆದಿದ್ದಳು. ಕಾಲೇಜಿನ ಮೊದಲ ವರ್ಷ ಆಸ್ಪತ್ರೆಯೊಂದರಲ್ಲಿ ಗಾಲಿಕುರ್ಚಿ ತಳ್ಳಿದ ಲೆಕ್ಕ ಅದು.

ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವವರನ್ನು ತಿದ್ದಿ ಕಳಿಸುವ ಸಲಹೆಗಾರ್ತಿ ಪಾಲೆಟ್ ಕೊವಾಲಿಕ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ರಸಾಯನಶಾಸ್ತ್ರದಲ್ಲಿ ನಿನ್ನ ಅಂಕ ನೋಡಿದ್ರೆ ನಾನೇ ಎದ್ದು ನಿಲ್ಲಬೇಕು. ಆದ್ರೆ ಗಂಟೆ ಸಾಲದು ಗ್ರಿಸೆಲ್ಡಾ. ನಿನ್ನ ಜೊತೆಯವರು ಮುನ್ನೂರು, ನಾನೂರು ಅಂತ ಬರ್ಕೊಂಡು ಬರ್ತಾರೆ. ಒಂದು ವರ್ಷ ತಡಿ. ಮನೇಲಿದ್ದು ಯಾವುದಾದ್ರೂ ಕ್ಲಿನಿಕ್ ಸೇರ್ಕೋ. ಮುಂದಿನ ವರ್ಷ ಹಾಕು."

ಗ್ರಿಸೆಲ್ಡಾ ತಲೆಯಾಡಿಸಿದಳು. ಆದರೆ ತನ್ನೂರಾದ ಬೀವಿಲ್‌ನ ಮನೆಗೆ "ಒಂದೇ ವರ್ಷ" ಎಂದು ಹಿಂತಿರುಗಿದ ಹುಡುಗಿಯರನ್ನು ಅವಳು ಬಲ್ಲಳು. ದೊಡ್ಡಪ್ಪನ ಮಗಳು ಹಾಗೆ ಬಂದವಳು ಮೊದಲು ಅಣ್ಣನ ಮಕ್ಕಳನ್ನು ನೋಡಿಕೊಂಡಳು, ಆಮೇಲೆ ಸೋದರತ್ತೆಯ ಮಂಡಿಯನ್ನು, ಆಮೇಲೆ ಎಲ್ಲರ ಬಟ್ಟೆಯನ್ನು. ಅವಳ ಪುಸ್ತಕದ ಡಬ್ಬಿಗಳು ಇನ್ನೂ ಗ್ಯಾರೇಜಿನಲ್ಲಿವೆ.

"ಸರಿ, ಶನಿವಾರ ಭಾನುವಾರ ಏನು ಮಾಡ್ತಿದ್ದೆ? ಯಾವ ಸಂಘದಲ್ಲೂ ನಿನ್ನ ಹೆಸರಿಲ್ಲ."

"ಏನೂ ಇಲ್ಲ ಮಿಸ್. ಮನೆಗೆ ಹೋಗ್ತಿದ್ದೆ."

"ಪ್ರತಿ ವಾರ? ಎರಡೂವರೆ ಗಂಟೆ ದಾರಿ! ಮನೇಲಿ ಏನು?"

"ಏನೂ ಇಲ್ಲ. ಅಜ್ಜಿಯ ಕಾಲು ನೋಡ್ಕೊಳ್ತಿದ್ದೆ."

ಎರಡು ಸಲ "ಏನೂ ಇಲ್ಲ" ಎಂದದ್ದು ನಾಚಿಕೆಯಿಂದಲ್ಲ. ಅವರ ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಪಾತ್ರೆ ತೊಳೆಯುವುದನ್ನು ಯಾರಾದರೂ ಅರ್ಜಿಯಲ್ಲಿ ಬರೆಯುತ್ತಾರೆಯೇ?

ಅಪ್ಪನ ತಾಯಿಯಾದ ಅಜ್ಜಿ ಎಸ್ತೆಫಾನಾಳಿಗೆ ಸಕ್ಕರೆ ಕಾಯಿಲೆ. ಎಡ ಅಂಗಾಲಿನಲ್ಲಿ ಎದ್ದ ಹುಣ್ಣು ನೋಡಿ, ಪಾದವನ್ನೇ ತೆಗೆಯಬೇಕಾದೀತು ಎಂದಿದ್ದರು ವೈದ್ಯರು. ನರ್ಸು ಒಂದು ಮಧ್ಯಾಹ್ನ ಗ್ರಿಸೆಲ್ಡಾಳಿಗೂ ಅವಳ ತಾಯಿ ಒಡಿಲಿಯಾಳಿಗೂ ಪಟ್ಟಿ ಕಟ್ಟುವುದನ್ನು ಕಲಿಸಿದಳು. ತಾಯಿ ವಾರವಿಡೀ ಶಾಲೆಯ ಅಡುಗೆಮನೆಯಲ್ಲಿ, ರಜೆಯ ದಿನಗಳಲ್ಲಿ ಮೋಟೆಲಿನ ಹಾಸಿಗೆಗಳನ್ನು ಹಾಸುವವಳು. ಮಗಳು ಕಾಲೇಜಿನಲ್ಲಿರುವ ಐದು ದಿನ ಅವಳ ಸರದಿ, ಎರಡು ದಿನ ಮಗಳದು.

ಪ್ರತಿ ಶನಿವಾರ ಗ್ರಿಸೆಲ್ಡಾ ಪಟ್ಟಿಯ ಪೊಟ್ಟಣದ ಪಾರದರ್ಶಕ ಹಾಳೆಯನ್ನು ಹುಣ್ಣಿನ ಮೇಲಿಟ್ಟು ಅಂಚು ಬರೆದುಕೊಳ್ಳುತ್ತಿದ್ದಳು. ಆ ಆಕಾರವನ್ನು ಅಡುಗೆಮನೆಯ ಗೋಡೆಯಲ್ಲಿದ್ದ ಬೇಕರಿ ಕ್ಯಾಲೆಂಡರಿನ ಮೇಲೆ ಇಳಿಸುತ್ತಿದ್ದಳು. ಮೊದಲ ತಿಂಗಳು ಅದು ಶನಿವಾರದ ಚೌಕದಲ್ಲಿ ಹಿಡಿಸದೆ ಶುಕ್ರವಾರ, ಗುರುವಾರಗಳ ಮೇಲೂ ಹರಡಿಕೊಂಡಿತ್ತು. ಎರಡನೆಯ ಕ್ಯಾಲೆಂಡರಿನಲ್ಲಿ ದ್ರಾಕ್ಷಿಯಷ್ಟಾಯಿತು. ಮೂರನೆಯದರಲ್ಲಿ ಬೇಳೆಯಷ್ಟು. ಕಳೆದ ನವೆಂಬರಿನಿಂದ ಶನಿವಾರಗಳು ಖಾಲಿ.

ಇಷ್ಟನ್ನು ಕೇಳಿಸಿಕೊಂಡ ಕೊವಾಲಿಕ್ ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಇದನ್ನು ಸ್ವಯಂಸೇವೆ ಅಂತ ಬರೆಯೋಕಾಗಲ್ಲ, ಮನೆಯವರ ಆರೈಕೆ ಅಂತಲೇ ಬರೀಬೇಕು. ಅದಕ್ಕೂ ಜಾಗ ಇದೆ. ಆದ್ರೆ ಹೌದು ಅನ್ನೋಕೆ ಯಾರಾದ್ರೂ ಬೇಕು."

"ಅಜ್ಜಿ ಇದ್ದಾರೆ. ಇಂಗ್ಲಿಷು ಬರಲ್ಲ, ಸ್ಪ್ಯಾನಿಷ್ ಮಾತ್ರ."

"ಹಚ್ಚು ಫೋನು."

ಸ್ಪೀಕರಿನಲ್ಲಿ ಎಸ್ತೆಫಾನಾಳ ದನಿ ಕೋಣೆ ತುಂಬಿತು. "ಏನೇ ಮಿಹಾ, ನನ್ನ ಮಗಳೇ, ಮಂಗಳವಾರ ಫೋನು? ಫೇಲಾದ್ಯಾ?"

"ಇಲ್ಲ ಲಿತಾ." ಅಜ್ಜಿಯನ್ನು ಅವಳು ಕರೆಯುವುದೇ ಹಾಗೆ. "ನಮ್ಮ ಮಿಸ್ ಇಲ್ಲೇ ಇದ್ದಾರೆ. ನಾನು ನಿನ್ನ ಕಾಲು ಹೇಗೆ ನೋಡ್ಕೊಂಡೆ ಅಂತ ಕೇಳ್ತಿದ್ದಾರೆ."

"ಹೇಗೆ ಅಂದ್ರೆ? ಕೈ ಐಸು. ಮಾತು ಜಾಸ್ತಿ. ಬೀನ್ಸ್ ಬೇಯಿಸೋಕೆ ಇಟ್ಟು ಪುಸ್ತಕ ಹಿಡೀತಾಳೆ, ಪ್ರತಿ ಸಲ ತಳ ಹತ್ತಿಸ್ತಾಳೆ. ಆದ್ರೆ ಕೇಳು, ಆ ಹುಣ್ಣಿನ ವಾಸನೆಗೆ ನನ್ನ ಹೊಟ್ಟೇಲಿ ಹುಟ್ಟಿದ ಮಗನೇ ಮೂಗು ಮುಚ್ಕೊಂಡು ಅಂಗಳಕ್ಕೆ ಹೋದ. ಇವಳು ಬಗ್ಗಿ ಮೂಸಿ ನೋಡಿದಳು! ವಾಸನೆ ಬದಲಾಗಿದೆ ಲಿತಾ, ಏಳು ಅಂತ ಆಗಲೇ ಆಸ್ಪತ್ರೆಗೆ ಎಳ್ಕೊಂಡು ಹೋದಳು. ಒಂದು ದಿನ ತಡವಾಗಿದ್ರೆ ಕಾಲು ಇರ್ತಿರಲಿಲ್ಲ ಅಂದ್ರಂತೆ ಅಲ್ಲಿ."

ಗ್ರಿಸೆಲ್ಡಾ ಅದನ್ನು ಇಂಗ್ಲಿಷಿಗೆ ಇಳಿಸಿದಳು. "ಚೆನ್ನಾಗಿ ನೋಡ್ಕೊಂಡಳು ಅಂತಿದ್ದಾರೆ ಮಿಸ್."

"ಬೀನ್ಸ್ ವಿಷಯ ನೀನು ಬಿಟ್ಟೆ" ಎಂದರು ಕೊವಾಲಿಕ್. "ಮೂವತ್ತು ವರ್ಷದಿಂದ ಟೆಕ್ಸಸ್‌ನಲ್ಲಿದ್ದೀನಿ ಕಣೇ. ಸ್ಪ್ಯಾನಿಷ್ ನನಗೂ ಅರ್ಥವಾಗುತ್ತೆ. ಮೂಗಿನ ವಿಷಯಾನೂ ನುಂಗಿಬಿಟ್ಟೆ. ನನಗೆ ಬೇಕಾಗಿದ್ದದ್ದು ಅದೇ."

ಫೋನಿನ ಆಚೆ ಮುದುಕಿಯ ಮಾತಿನ್ನೂ ಮುಗಿದಿರಲಿಲ್ಲ. "ಬರ್ಕೊಳ್ತಿದ್ರೆ ಒಡಿಲಿಯಾ ಹೆಸರೂ ಬರ್ಕೊಳ್ಳಲಿ. ಇವಳು ಅಲ್ಲಿ ಕೂತು ಓದೋವಾಗ ಆ ಐದು ದಿನ ಪಟ್ಟಿ ಬಿಚ್ಚಿದ್ದು ಯಾರು? ಕೀವಿನ ಚಾದರ ಒಗೆದದ್ದು ಯಾರು? ಅದಕ್ಕೆ ಯಾವ ಕಾಗದದಲ್ಲಿ ಜಾಗ ಇದೆ, ಕೇಳು."

ಕೊವಾಲಿಕ್ ಪರದೆಯ ಮೇಲಿನ ಅರ್ಜಿಯನ್ನು ಕೊನೆಯವರೆಗೂ ಸರಿಸಿ ನೋಡಿದರು. "ಜಾಗ ಇಲ್ಲ. ಆ ಜಾಗಾನ ನೀನು ಅರ್ಜಿಯ ಪ್ರಬಂಧದಲ್ಲಿ ಮಾಡ್ಕೋಬೇಕು. ಈ ವರ್ಷವೇ ಹಾಕು. ಗುರುವಾರದೊಳಗೆ ತಿದ್ದಿ ತಾ."

ಗ್ರಿಸೆಲ್ಡಾ ತನ್ನ ಪ್ರಬಂಧದ ಮೊದಲ ಪುಟವನ್ನು ಅಳಿಸಿದಳು. ಚಿಕ್ಕಂದಿನಿಂದಲೂ ವಿಜ್ಞಾನವೆಂದರೆ ಆಸಕ್ತಿ ಎಂದು ಶುರುವಾಗುತ್ತಿತ್ತು ಅದು. ಈಗ ಶುರುವಾದದ್ದು ಬೆಳಿಗ್ಗೆ ಐದಕ್ಕೆ ಕೆಲಸಕ್ಕೆ ಹೊರಡುವ ಮುನ್ನ ತನ್ನ ಅತ್ತೆಯ ಕಾಲಿನ ಪಟ್ಟಿ ಬಿಚ್ಚುವ ಹೆಂಗಸೊಬ್ಬಳಿಂದ.

ಅರ್ಜಿಯಲ್ಲಿ ಸಾಕ್ಷಿ ಹೇಳುವವರ ವಿವರ ತುಂಬುವಾಗ ಒಂದು ಕಡೆ ಅವಳ ಬೆರಳು ನಿಂತಿತು. ಮತ್ತೆ ಮನೆಗೆ ಫೋನು ಮಾಡಿದಳು.

"ಲಿತಾ, ನಿನ್ನ ಹುದ್ದೆ ಏನು ಅಂತ ಕೇಳಿದ್ದಾರೆ. ಏನಂತ ಬರೀಲಿ?"

ಆಚೆ ಕುರ್ಚಿ ಸರಿದ ಸದ್ದು. ಎಸ್ತೆಫಾನಾ ಎದ್ದಿರಬೇಕು. ಅಡುಗೆಮನೆಯ ನೆಲದ ಮೇಲೆ ಒಂದರ ಹಿಂದೊಂದು ಎರಡು ಚಪ್ಪಲಿಗಳ ಸದ್ದು ಕೇಳಿಸಿತು.

"ನಡೀತಾಳೆ ಅಂತ ಬರಿ."