ಬಂಪರಿನ ಕೆಳಗಿನ ದೀಪಗಳು

ಮರಳುಗಾಡಿನ ಅಂಚಿನ ಸಮಾವಾ ಪೇಟೆಯಲ್ಲಿ ಗಾಡಿಗೆ ಹೆಚ್ಚಿನ ದೀಪ ಕೂರಿಸುವುದೆಂದರೆ ಲಫ್ತಾನೇ ಆಗಬೇಕು. ಉಳಿದವರು ಸ್ವಿಚ್ಚಿನಿಂದಲೇ ದೀಪಕ್ಕೆ ತಂತಿ ಎಳೆದು ಕೈತೊಳೆದುಕೊಳ್ಳುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಸ್ವಿಚ್ಚು ಸುಟ್ಟು ಕರಕಲು. ಲಫ್ತಾ ರಿಲೇ ಇಲ್ಲದೆ ದೀಪ ಮುಟ್ಟುವ ಆಸಾಮಿಯಲ್ಲ. ಬ್ಯಾಟರಿಯಿಂದ ಫ್ಯೂಸು ದಾಟಿ ರಿಲೇಗೆ, ಅಲ್ಲಿಂದ ದೀಪಕ್ಕೆ ದಪ್ಪ ತಂತಿ; ಸ್ವಿಚ್ಚಿಗೆ ರಿಲೇಗೊಂದು ಸನ್ನೆ ಮಾಡುವಷ್ಟೇ ಕೆಲಸ. ಇದರಲ್ಲಿ ವಾದಕ್ಕಿಳಿದವರಿಗೆ ಅವನ ಅಂಗಡಿಯಲ್ಲಿ ಚಹಾ ಕೂಡ ಸಿಗುತ್ತಿರಲಿಲ್ಲ.

ಆ ಚಳಿಗಾಲ ಮೊದಲ ಗುಡುಗು ಕೇಳಿದ ವಾರ, ಚಡ್ಡಿ ದೋಸ್ತ್ ಚಾಸಿಬ್ ತನ್ನ ಪಿಕಪ್ ತಂದು ನಿಲ್ಲಿಸಿದ. ಬಂಪರಿನ ಕೆಳಗೆ ಎರಡು ದೀಪ ಬೇಕಂತೆ.

"ಅಷ್ಟು ಕೆಳಗ್ಯಾಕೋ? ಇರುವೆ ಮೆರವಣಿಗೆ ನೋಡ್ತೀಯಾ?"

"ಕುರಿಮರಿ ಪೊದೆ ಬುಡದಲ್ಲಿ ಅಡಗ್ತಾವೆ ಮಾರಾಯ. ಹಾಕು ಸುಮ್ನೆ."

ಲಫ್ತಾ ಗಾಡಿಯಡಿ ಅಂಗಾತ ಮಲಗಿ ತಂತಿ ಬಿಗಿಯತೊಡಗಿದ. ಚಾಸಿಬ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹರಟೆಗಿಳಿದ. "ಈ ಸಲ ಚಿಮಾ ಗೆಡ್ಡೆ ಜೋರಂತೆ. ನೀವು ಅಗೆಯೋಕೆ ಹೋಗೋದು ಹಳೇ ಬಾವಿ ಆಚೆಗಲ್ವಾ?"

"ಬಾವಿ ಹತ್ರ ಏನೈತೆ ಮಣ್ಣು. ಕಪ್ಪು ದಿಬ್ಬ ಎರಡಿಲ್ವಾ, ಅದರ ನಡುವಿನ ತಗ್ಗು," ಎಂದುಬಿಟ್ಟ ಲಫ್ತಾ.

ಗುಡುಗಿನ ಮಳೆಗೆ ಮರಳಿನಡಿ ಊದುವ ಆ ಗೆಡ್ಡೆಯ ಜಾಗವನ್ನು ಅಲ್ಲಿ ಒಡಹುಟ್ಟಿದವರಿಗೂ ಹೇಳುವುದಿಲ್ಲ. ಆ ತಗ್ಗು ಲಫ್ತಾನ ಹೆಂಡತಿ ತಿಸ್ವಾಹಿನ್‌ಗೆ ಅವಳಪ್ಪ ಸಾಯುವ ಮುಂಚೆ ತೋರಿಸಿದ್ದು. ತವರಿನಿಂದ ಅವಳಿಗೆ ಬಂದದ್ದು ಅದೊಂದೇ. ಗಂಡನೊಬ್ಬನಿಗೆ ತೋರಿಸಿದ್ದಳು. ಲಫ್ತಾನ ಕೈ ಒಮ್ಮೆ ತಡೆಯಿತು. ಚಾಸಿಬ್ ಏನು ಹೊರಗಿನವನೇ ಎಂದುಕೊಂಡು ಸ್ಕ್ರೂ ತಿರುಗಿಸಿದ.

ಚಿಮಾ ಬಲಿಯುವ ಕಾಲಕ್ಕೆ ಗಂಡಹೆಂಡತಿ ಸೂರ್ಯ ಹುಟ್ಟುವ ಹೊತ್ತಿಗೆ ತಗ್ಗಿಗೆ ಬಂದರು. ಓರೆ ಬಿಸಿಲಲ್ಲಿ ಮಾತ್ರ ನೆಲದ ಕೂದಲೆಳೆ ಬಿರುಕಿಗೂ ನೆರಳು ಬಿದ್ದು, ಗೆಡ್ಡೆ ಎಲ್ಲಿದೆಯೆಂದು ತಿಳಿಯುತ್ತದೆ. ಆದರೆ ತಗ್ಗಿನ ತುಂಬ ಗುಂಡಿಗಳು. ಕಡಲೆ ಗಾತ್ರದ ಗೆಡ್ಡೆಯನ್ನೂ ಬಿಟ್ಟಿರಲಿಲ್ಲ, ಮುಂದಿನ ಬೆಳೆಗೆಂದು ಒಂದು ಗುಂಡಿಯನ್ನೂ ಮುಚ್ಚಿರಲಿಲ್ಲ. ನಡುನಡುವೆ ಪಿಕಪ್ಪಿನ ಚಕ್ರದ ಗುರುತು ಸುತ್ತಿ ಸುತ್ತಿ ಹೋಗಿತ್ತು.

ಲಫ್ತಾ ಚಕ್ರದ ಗುರುತಿನ ಪಕ್ಕ ಬಗ್ಗಿ ನೋಡಿದ. ದೀಪ ಬಂಪರಿನ ಕೆಳಗಿದ್ದರೆ ಇಡೀ ರಾತ್ರಿ ಓರೆ ಬೆಳಕೇ. ಕುರಿಮರಿಯಂತೆ, ಪೊದೆಯಂತೆ! ಧೂಳು ಹೊಗದಿರಲೆಂದು ರಿಲೇಗೆ ರಬ್ಬರು ಸುತ್ತಿ ಕೊಟ್ಟ ತನ್ನ ಕೈಗಳನ್ನು ನೋಡಿಕೊಂಡ.

"ಚಾಸಿಬ್, ಆ ಮನೆಹಾಳ. ಒಂದೇ ತಟ್ಟೆಯಲ್ಲಿ ಉಂಡವನು. ನನಗೇ ಮೋಸ ಮಾಡ್ದ ಕಣೇ," ಎಂದ.

ತಿಸ್ವಾಹಿನ್ ಮೊಣಕಾಲೂರಿ ಒಂದು ಗುಂಡಿಗೆ ಮಣ್ಣು ತುಂಬುತ್ತಿದ್ದಳು. ತಲೆ ಎತ್ತಲಿಲ್ಲ.

"ಈ ಜಾಗ ಅವನಿಗೆ ಹೆಂಗೆ ಗೊತ್ತಾಯ್ತು?"

ಲಫ್ತಾ ಇನ್ನೊಂದು ಗುಂಡಿಗೆ ಮಣ್ಣು ತಳ್ಳತೊಡಗಿದ.

"ಅವನು ನಿನಗೆ ಮೋಸ ಮಾಡ್ದ, ಸರಿ. ನನಗೆ ಮಾಡಿದ್ದು ಅವನಲ್ಲ," ಎಂದಳು.

ಮರುವರ್ಷ ಅವಳು ತಂಗಿಯ ಜೊತೆ ಹೋದಳು, ಬುಟ್ಟಿ ತುಂಬ ಚಿಮಾ ತಂದಳು. ಈಗಲೂ ತರುತ್ತಾಳೆ. ತುಪ್ಪದಲ್ಲಿ ಹುರಿದು ಮೊದಲ ತುತ್ತನ್ನು ಲಫ್ತಾನ ತಟ್ಟೆಗೇ ಬಡಿಸುತ್ತಾಳೆ. ಅದು ಎಲ್ಲಿಯದೆಂದು ಅವನು ಕೇಳುವುದಿಲ್ಲ, ಅವಳು ಹೇಳುವುದಿಲ್ಲ.