ಅಜ್ಜಿಯ ಮೊಣಕಾಲಿಗೆ ಹೋದ ಊದ್

ನಮ್ಮ ಬಂಟ್ವಾಳದಲ್ಲಿ ಗಲ್ಫಿನಿಂದ ಬಂದ ಸಣ್ಣ ಬಾಟಲಿ ಎಂದರೆ ನೋವಿನ ಎಣ್ಣೆ. ಯಾರು ರಜೆಗೆ ಬಂದರೂ ಪೆಟ್ಟಿಗೆಯಲ್ಲಿ ನಾಲ್ಕಾದರೂ ಇರುತ್ತಿದ್ದವು. ಹಾಗಾಗಿ ತೊಂಬತ್ತರ ದಶಕದಲ್ಲಿ ಅಣ್ಣ ಗಲ್ಫಿನಿಂದ ಮೊದಲ ಸಲ ರಜೆಗೆ ಬಂದಾಗ, ಅವನ ಅಂಗಿಗಳ ನಡುವೆ ಹತ್ತಿಯಲ್ಲಿ ಸುತ್ತಿದ ಬಾಟಲಿ ಕಂಡು ನಾನು ಯಾರನ್ನೂ ಕೇಳಲಿಲ್ಲ. ಅದರ ಮೇಲೆ ಅರಬಿ ಅಕ್ಷರವಿತ್ತು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು. ಕನ್ನಡವನ್ನೇ ಬೆರಳಿಟ್ಟು ಓದುತ್ತಿದ್ದೆ.

ಅಣ್ಣ ಪೇಟೆಗೆ ಹೋಗಿದ್ದ. ಅಜ್ಜಿ ಮೊಣಕಾಲು ಹಿಡಿದು ನರಳುತ್ತಿದ್ದರು. ಮುಚ್ಚಳ ತೆಗೆದೆ.

"ಎಂಥ ಮಾರಾಯ್ತಿ ಇದು, ಆಡಿನ ಕೊಟ್ಟಿಗೆಯ ವಾಸನೆ!"

"ವಾಸನೆ ಜೋರಿದ್ದರೆ ಮದ್ದೂ ಜೋರು, ಅಜ್ಜಿ."

ಎರಡು ಮೊಣಕಾಲು, ಒಂದು ಸೊಂಟ. ಬಾಟಲಿ ಖಾಲಿ. ಸ್ವಲ್ಪ ಹೊತ್ತಿನಲ್ಲಿ ಆಡು ಹೋಗಿ, ಹಳೆಯ ಮರದ ಪೆಟ್ಟಿಗೆಯೊಳಗೆ ಜೇನು ಚೆಲ್ಲಿದಂಥ ಪರಿಮಳ ಬಂತು. ಅಜ್ಜಿ ಎದ್ದು ಅಂಗಳ ಗುಡಿಸಿದರು. ಮೊಣಕಾಲಿಗೆ ಸುತ್ತಿದ ಬಟ್ಟೆಯನ್ನು ಆಮೇಲೆ ಒಗೆಯಲು ಬಿಡಲೇ ಇಲ್ಲ.

ಸಂಜೆ ಅಜ್ಜಿ ಹಿತ್ತಲಲ್ಲಿದ್ದಾಗ ಅಣ್ಣ ಹೇಳಿದ: "ಆ ಬಾಟಲಿ ಮುಟ್ಟಬೇಡಿ. ಅಗರು ಮರದ ಎಣ್ಣೆ ಅದು, ಊದ್, ಭಾರೀ ಕ್ರಯದ ಅತ್ತರು. ರೂಮಿನ ಸ್ನೇಹಿತ ಅವನ ತಮ್ಮನ ಮದುವೆಗೆ ಕೊಟ್ಟದ್ದು, ವಿಟ್ಲಕ್ಕೆ ಮುಟ್ಟಿಸಬೇಕು. ನೋಡಿ, ಮುಚ್ಚಿಟ್ಟರೂ ಮನೆಯೆಲ್ಲ ಪರಿಮಳ ಉಂಟು!"

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಬೆಳಿಗ್ಗೆ ಬಾಟಲಿಗೆ ಎಳ್ಳೆಣ್ಣೆ ತುಂಬಿಸಿ ಹತ್ತಿಯಲ್ಲಿ ಸುತ್ತಿಟ್ಟೆ. ಅಣ್ಣ ಅದನ್ನು ಜೋಪಾನವಾಗಿ ವಿಟ್ಲಕ್ಕೆ ಒಯ್ದುಕೊಟ್ಟ.

ಮದುವೆಯ ಮರುದಿನ ಪಕ್ಕದ ಮನೆಗೆ ಫೋನ್ ಬಂತು. ಅಣ್ಣನ ಹಿಂದೆ ನಾನೂ ಓಡಿದೆ. ಆ ಕಡೆ ಮದುಮಗನ ಮನೆಯವರ ಸ್ವರ ಜಗಲಿಗೇ ಕೇಳುತ್ತಿತ್ತು.

"ಮದುಮಗನಿಗೆ ಎಣ್ಣೆಸ್ನಾನ ಮಾಡಿಸ್ಲಿಕ್ಕೆ ಕೊಟ್ಟದ್ದಾ ಮಾರಾಯ? ಬಿಳಿ ಅಂಗಿಯ ಕಾಲರೆಲ್ಲ ಎಣ್ಣೆ! ಊದ್ ಎಲ್ಲಿ ಹೋಯಿತು?"

"ನಾನು ಮುಚ್ಚಳವೇ ತೆಗೆದಿಲ್ಲ, ದೇವರಾಣೆ!"

ಕಳ್ಳ ಎನಿಸಿಕೊಂಡ ಅಣ್ಣ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನಾನು ತಲೆ ಎತ್ತದೆ ಬೀಡಿ ಕಟ್ಟಿದೆ.

ಹೊರಡುವ ದಿನ ಅಜ್ಜಿಯ ಕಾಲು ಮುಟ್ಟಲು ಬಗ್ಗಿದ ಅಣ್ಣ ಏಳಲೇ ಇಲ್ಲ; ಮೂಗು ಮೊಣಕಾಲಿನ ಆ ಬಟ್ಟೆಯ ಹತ್ತಿರವೇ ನಿಂತಿತು. ಅಜ್ಜಿ ತಲೆ ಸವರಿದರು. "ಅಳಬೇಡ ಮಗಾ. ಬರುವಾಗ ಆ ಎಣ್ಣೆ ಇನ್ನೊಂದು ಬಾಟಲಿ ತಾ."

ಅಣ್ಣ ಬಗ್ಗಿದಲ್ಲಿಂದಲೇ ನನ್ನತ್ತ ನೋಡಿದ. ಪೆಟ್ಟಿಗೆ ಎತ್ತಿಕೊಂಡು ನಡೆದ.

ಮುಂದಿನ ರಜೆಗೆ ಬಂದಾಗ ವಿಟ್ಲದ ಆ ಸ್ನೇಹಿತನೂ ನಮ್ಮ ಮನೆಗೆ ಬಂದ. ಜಗಲಿಯಲ್ಲಿ ಕೂತು ನಗಾಡಿದ: "ದಾರಿಯಲ್ಲಿ ಚೆಲ್ಲಿತು, ಹೆದರಿ ಎಳ್ಳೆಣ್ಣೆ ತುಂಬಿಸಿದೆ ಅಂತ ಇವನೇ ಒಪ್ಪಿಕೊಂಡ. ಆರು ತಿಂಗಳು ರೂಮಿನ ಪಾತ್ರೆಯೆಲ್ಲ ಇವನ ಕೈಯಲ್ಲೇ ತೊಳೆಸಿದೆ!"

ಚಾ ಹಿಡಿದು ಅಲ್ಲೇ ನಿಂತಿದ್ದೆ. ಬಾಯಿ ತೆರೆದರೆ ಆಗುತ್ತಿತ್ತು. ತೆರೆಯಲಿಲ್ಲ.

ಆ ಸಲ ತಂದ ಬಾಟಲಿಗಳಿಗೆಲ್ಲ ಅಣ್ಣ ಚೀಟಿ ಅಂಟಿಸಿದ್ದ, ನನಗೂ ಓದಲಾಗುವಂತೆ ದಪ್ಪ ಕನ್ನಡದಲ್ಲಿ: 'ಇದು ನೋವಿಗೆ. ಹಚ್ಚಬಹುದು.' ಅಜ್ಜಿ ಒಂದನ್ನು ಮೂಸಿ ದೂರ ತಳ್ಳಿದರು. "ಇದಲ್ಲ. ಇದರಲ್ಲಿ ಆಡೇ ಇಲ್ಲ."

"ಯಾವ ಆಡು?" ಎಂದ ಸ್ನೇಹಿತ.

"ಅಜ್ಜಿಗೆ ವಯಸ್ಸಾಯಿತು. ನೀನು ಚಾ ಕುಡಿ ಮಾರಾಯ," ಎಂದ ಅಣ್ಣ.

ನಾನು ಅಣ್ಣನ ಲೋಟಕ್ಕೆ ಇನ್ನಷ್ಟು ಚಾ ಹಾಕಿದೆ. ನನ್ನಿಂದಾದದ್ದು ಅಷ್ಟೇ.